ಗುಬ್ಬಿ ಸಾಲು

ಆ ಶಾಲೆಯ ಒಂದನೇ ತರಗತಿಯಲ್ಲಿ ಮೂರು ಜಾತಿಯ ಹಕ್ಕಿಗಳಿದ್ದವು. ಹಂಸ, ಗಿಳಿ, ಗುಬ್ಬಿ. ಹಂಸಗಳು ಕರಿಹಲಗೆಯ ಮುಂದೆ. ಗಿಳಿಗಳು ಕಿಟಕಿಯ ಪಕ್ಕ. ಗುಬ್ಬಿಗಳು ಹಿಂದಿನ ಬಾಗಿಲ ಹತ್ತಿರ. ಆ ಬಾಗಿಲು ತೆಗೆದರೆ ಕಕ್ಕಸಿನ ಓಣಿ.

ಮಕ್ಕಳನ್ನು ಜಾಣ, ಸುಮಾರು, ದಡ್ಡ ಎಂದು ಕರೆಯಬಾರದು, ಎಳೆಯ ಮನಸ್ಸಿಗೆ ನೋವಾಗುತ್ತದೆ ಎಂದು ಹೆಡ್ ಮೇಡಂ ಯಾವುದೋ ತರಬೇತಿಯಲ್ಲಿ ಕಲಿತು ಬಂದಿದ್ದರು. ಅದಕ್ಕೇ ಹಕ್ಕಿಗಳ ಹೆಸರು. ಎಳೆಯ ಮನಸ್ಸುಗಳು ಊಟದ ಬೆಲ್ ಹೊಡೆಯುವುದರೊಳಗೆ ವಿಷಯ ತಿಳಿದುಕೊಂಡವು. ಜಗಳವಾಡುವಾಗ ‘ದಡ್ಡ’ ಅನ್ನುವುದನ್ನು ಬಿಟ್ಟು ‘ಹೋಗೋ ಗುಬ್ಬಿ’ ಅನ್ನತೊಡಗಿದವು.

ಹೆಡ್ ಮೇಡಂ ಕೆಟ್ಟವರಲ್ಲ. ಪ್ರತಿ ರಜೆಯಲ್ಲೂ ತರಬೇತಿಗೆ ಹೋಗಿ, ಬರುವಾಗ ಓದು ಕಲಿಸುವ ಹೊಸ ಪದ್ಧತಿಯೊಂದನ್ನು ಹೊತ್ತು ತರುತ್ತಿದ್ದರು. ಒಂದು ವರ್ಷ ಅಕ್ಷರ ತೀಡಿಸಿದರು. ಮರುವರ್ಷ ತೀಡುವುದು ಪಾಪ ಎಂದಾಯಿತು. ಚಿತ್ರ ತೋರಿಸಿ ಇಡೀ ಪದವನ್ನೇ ಗುರುತು ಹಿಡಿಸಿದರು. ಆಮೇಲೆ ಚಪ್ಪಾಳೆ ತಟ್ಟಿ ಹಾಡಿಸಿದರು. ಆ ವರ್ಷ ಪಕ್ಕದ ಕಟ್ಟಡದ ಮುದುಕನಿಗೆ ತಲೆನೋವು ಬಂದದ್ದು ಬಿಟ್ಟರೆ ಬೇರೆ ಫಲ ಕಾಣಲಿಲ್ಲ. ಕಳೆದ ವರ್ಷದಿಂದ ನಡೆಯುತ್ತಿದ್ದುದು ‘ಸಿದ್ಧತಾ ಪದ್ಧತಿ’. ಮಗು ತಾನಾಗಿ ಸಿದ್ಧವಾಗುವವರೆಗೆ ಅಕ್ಷರ ತೋರಿಸಬಾರದು. ಮೊಗ್ಗನ್ನು ಬಿಡಿಸಿ ಹೂ ಮಾಡಬಾರದು. ಹಾಗೆಂದು ಮೇಡಂ ಕೈಯನ್ನೇ ಮೊಗ್ಗು ಮಾಡಿ ತೋರಿಸುತ್ತಿದ್ದರು. ಕೈ ಚೆಂದವಾಗಿತ್ತು.

ಯಾರು ಸಿದ್ಧ, ಯಾರು ಅಲ್ಲ ಎಂದು ತಿಳಿಯಲು ಮೊದಲ ವಾರ ಪರೀಕ್ಷೆ ನಡೆಯಿತು. ಚಿತ್ರ ತೋರಿಸಿ ಏನೆಂದು ಕೇಳುವುದು. ಪಿಯಾನೊ. ಹಡಗು. ಟೈ ಕಟ್ಟಿದ ಕರಡಿ. ಬಟ್ಟೆ ಅಂಗಡಿಯವರ ಮಗ ಪಟಪಟ ಹೇಳಿದ. ಡಾಕ್ಟರ ಮಗಳು ಹೇಳಿದಳು. ಚರ್ಮದ ಶೆಡ್ಡಿನವರ ಮಕ್ಕಳು, ಚಿಂದಿ ಆಯುವವರ ಮಕ್ಕಳು, ಚರಂಡಿ ಎತ್ತುವವರ ಮಕ್ಕಳು ಪಿಯಾನೊ ನೋಡಿ ‘ಕಪಾಟು’ ಎಂದರು. ಗುಬ್ಬಿಗಳಾದರು. ಒಂದು ವರ್ಷದಲ್ಲಿ ಸಿದ್ಧವಾಗದ ಗುಬ್ಬಿ ಎರಡನೇ ವರ್ಷವೂ ಅದೇ ಸಾಲಿನಲ್ಲಿ ಕೂತಿತು.

ಹಾಗೆ ಎರಡನೇ ವರ್ಷವೂ ಕೂತವರಲ್ಲಿ ಮೆಣಸು ಇದ್ದಳು. ಮನೆಯಲ್ಲಿ ಇಟ್ಟ ಹೆಸರು ಬೇರೆ. ಆದರೆ ಆಳು ಗಿಡ್ಡ, ಮಾತು ಖಾರ, ಹಾಗಾಗಿ ಗಲ್ಲಿಯವರೆಲ್ಲ ಕರೆಯುತ್ತಿದ್ದುದು ಮೆಣಸು ಎಂದೇ. ಅವಳ ತಾಯಿ ಅದೇ ಶಾಲೆಯ ಕಕ್ಕಸು ತೊಳೆಯುವವಳು. ಗಲ್ಲಿಯಲ್ಲಿ ಅವಳನ್ನು ಜೋರಮ್ಮ ಎನ್ನುತ್ತಿದ್ದರು. ಶಾಲೆಯಲ್ಲಿ ಅವಳಿಗೆ ಹೆಸರಿರಲಿಲ್ಲ. ‘ಏಯ್’ ಎಂದರೆ ತಿರುಗಬೇಕು.

ಜೋರಮ್ಮ ಬೆಲ್‌ಗೆ ಮುಂಚೆ ಬರುತ್ತಿದ್ದಳು. ಮಕ್ಕಳು ಮನೆಗೆ ಹೋದ ಮೇಲೆ ಇನ್ನೊಮ್ಮೆ ಬರುತ್ತಿದ್ದಳು. ತೊಳೆಯುವವಳು ಕಣ್ಣಿಗೆ ಬೀಳಬಾರದು, ತೊಳೆದದ್ದು ಮಾತ್ರ ಕಾಣಬೇಕು ಎಂಬುದು ಅಲ್ಲಿನ ಏರ್ಪಾಡು. ಬಗ್ಗಿ ಉಜ್ಜುವುದು. ಆಸಿಡ್ ಸುರಿಯುವುದು. ಉಸಿರು ಬಿಗಿಹಿಡಿಯುವುದು. ಮತ್ತೆ ಉಜ್ಜುವುದು. ಅವಳ ಅಂಗೈ ಚರ್ಮ ಎಷ್ಟೋ ಸಲ ಸುಲಿದು ಎಷ್ಟೋ ಸಲ ಬಂದಿತ್ತು. ಈಗ ಬಂದಿರುವುದು ತನ್ನದೋ ಬೇರೆ ಯಾರದೋ ಎಂದು ತಾನೇ ನಗುತ್ತಿದ್ದಳು. ಕೈ ಮೂಸಿದರೆ ಫಿನಾಯಿಲ್. ಮಗಳು ಹಸುಗೂಸಾಗಿದ್ದಾಗಿನಿಂದ ಆ ವಾಸನೆಯನ್ನೇ ಅಮ್ಮ ಅಂದುಕೊಂಡಿದ್ದಳು.

ಸಂಜೆ ಮಗಳನ್ನು ಕೇಳುವಳು. “ಇವತ್ತೇನು ಕಲಿತೆ?”

“ಮಣಿ ಪೋಣಿಸಿದೆ.”

“ನಾಳೆ?”

“ಕಾಗದ ಹರಿಯೋದು.”

“ಅಕ್ಷರ ಯಾವಾಗ?”

“ನಾನಿನ್ನೂ ಮೊಗ್ಗು ಅಂತೆ.”

ಗಂಡ ಚರ್ಮದ ಶೆಡ್ಡಿನಲ್ಲಿ ತೊಗಲು ಕೆರೆಯುವವನು. ಅವನು ಚಾಪೆಯಿಂದಲೇ ಹೇಳುವನು. “ನಿನ್ನ ಹೊಟ್ಟೆಯಿಂದ ಬರುವಾಗ್ಲೇ ಕಿರುಚಿಕೊಂಡು ಬಂದೋಳು. ಇವಳ್ಯಾವ ಸೀಮೆ ಮೊಗ್ಗು!”

ಜೋರಮ್ಮ ನಗುವಳು. ಆದರೂ ಮಗಳ ಮೊಣಕಾಲಿನ ಧೂಳು, ಉಗುರಿನ ಸಂದಿಯ ಕಪ್ಪು ಅವಳ ಕಣ್ಣಿಗೆ ಬೀಳುತ್ತಿತ್ತು. ಮಣಿ ಪೋಣಿಸಿದರೆ ಮೊಣಕಾಲು ಇಷ್ಟು ಕೊಳೆಯಾಗುತ್ತದೆಯೇ? ಆಡಿರಬೇಕು ಎಂದುಕೊಂಡಳು.

ಒಂದು ದಿನ ಕಕ್ಕಸಿನ ನಲ್ಲಿ ಕಿತ್ತುಹೋಗಿ ನೀರು ಓಣಿಗೆ ಹರಿಯಿತು. ವಾಚ್‌ಮನ್ ಗಲ್ಲಿಗೆ ಓಡಿಬಂದ. ಜೋರಮ್ಮ ಹಾಗೇ ಎದ್ದು ಬಂದಳು. ಶಾಲೆ ನಡೆಯುತ್ತಿರುವ ಹೊತ್ತಿನಲ್ಲಿ ಅವಳು ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ನಲ್ಲಿಗೆ ಚಿಂದಿ ಸುತ್ತಿ ಬಿಗಿದಳು. ನೀರು ತಳ್ಳುತ್ತ ಓಣಿಯ ತುದಿಗೆ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಹಂಸಗಳು ರಾಗವಾಗಿ ಓದುವುದು ಕೇಳಿಸಿತು. ಮಗಳು ಓದುವುದನ್ನು ನೋಡೋಣ ಎಂಬ ಆಸೆಯಿಂದ ಇಣುಕಿದಳು.

ಮೆಣಸು ಓದುತ್ತಿರಲಿಲ್ಲ. ಗುಡಿಸುತ್ತಿದ್ದಳು.

ಮೊಂಡು ಪೊರಕೆ ಹಿಡಿದು, ಕುಕ್ಕರಗಾಲಿನಲ್ಲಿ ಕೂತು, ಹಂಸಗಳ ಬೆಂಚಿನ ಕೆಳಗಿಂದ ಪೆನ್ಸಿಲ್ ಹೊಟ್ಟು, ಬಿಸ್ಕತ್ತಿನ ಪುಡಿ ಎಳೆಯುತ್ತಿದ್ದಳು. ಚಿಂದಿ ಆಯುವ ಚೀಲದಕ್ಕನ ಮಗ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಿದ್ದ. ಇನ್ನೊಬ್ಬಳು ಕುಡಿಯುವ ನೀರಿನ ಕೊಡ ಎತ್ತಲಾರದೆ ಎತ್ತುತ್ತಿದ್ದಳು. ಹಂಸಗಳು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಪೊರಕೆ ಹತ್ತಿರ ಬಂದಾಗ ಬಟ್ಟೆ ಅಂಗಡಿಯವರ ಮಗ ಎರಡೂ ಕಾಲು ಮೇಲೆತ್ತಿದ. ಗುಡಿಸಿ ಮುಗಿದ ಮೇಲೆ ಇಳಿಸಿದ. ಅವನು ಬೈಯಲಿಲ್ಲ. ನಗಲಿಲ್ಲ. ಸುಮ್ಮನೆ ಕಾಲೆತ್ತಿದ.

ಜೋರಮ್ಮನಿಗೆ ಆ ಕಾಲು ಗೊತ್ತಿತ್ತು. ಆಫೀಸುಗಳಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಗಳಲ್ಲಿ ಅವಳ ಪೊರಕೆ ಹತ್ತಿರ ಬಂದಾಗೆಲ್ಲ ಎದ್ದ ಕಾಲು ಅದು. ಮುಖ ನೋಡದೆ ಏಳುವ ಕಾಲು. ದೊಡ್ಡವರ ಕಾಲಿಗೆ ಅವಳು ಒಗ್ಗಿಹೋಗಿದ್ದಳು. ಅದು ಇಷ್ಟು ಚಿಕ್ಕದಾಗಿರಬಹುದು ಎಂದು ಗೊತ್ತಿರಲಿಲ್ಲ. ಅಂಗೈಯಷ್ಟುದ್ದದ ಶೂ. ಲೇಸು ಕಟ್ಟಲೂ ಬಾರದ ವಯಸ್ಸು.

ಅವಳು ಒಳಗೆ ಹೋದಳು. ಮಗಳ ಕೈಯಿಂದ ಪೊರಕೆ ಕಿತ್ತುಕೊಂಡಳು.

“ಅಮ್ಮ, ಇನ್ನೊಂದು ಮೂಲೆ ಇದೆ,” ಎಂದಳು ಮೆಣಸು. ಕೆಲಸವನ್ನು ಅರ್ಧಕ್ಕೆ ಬಿಡದ ಹುಡುಗಿ.

ಟೀಚರ್ ಹೊಸಬಳು. ವಯಸ್ಸು ಚಿಕ್ಕದು. ಗಾಬರಿಯಾಗಿ ಎದ್ದು ನಿಂತಳು. “ಹೆಡ್ ಮೇಡಮ್ಮನ್ನ ಕೇಳಿ,” ಎಂದಳು.

ಜೋರಮ್ಮ ಪೊರಕೆ ಹಿಡಿದೇ ಹೋದಳು. ಹೆಡ್ ಮೇಡಂ ಟೀ ಕುಡಿಯುತ್ತಿದ್ದರು.

“ನನ್ನ ಮಗಳ ಕೈಗೆ ಇದನ್ನ ಯಾರು ಕೊಟ್ಟಿದ್ದು?”

“ಮೊದಲು ಆ ಪೊರಕೆ ಹೊರಗಿಡು.”

“ಅವಳ ಕೈಯಲ್ಲಿ ಕ್ಲಾಸೊಳಗೇ ಇತ್ತಲ್ಲ, ಮೇಡಂ.”

ಹೆಡ್ ಮೇಡಂ ಬಟ್ಟಲು ಕೆಳಗಿಟ್ಟರು. ತಾಳ್ಮೆಯ ಮುಖ ಮಾಡಿದರು. ಅದಕ್ಕೂ ತರಬೇತಿ ಆಗಿತ್ತು. “ನೋಡು, ನಿನಗೆ ಇದು ಕೆಲಸದ ಥರ ಕಾಣುತ್ತೆ. ಆದ್ರೆ ಇದೊಂದು ಚಟುವಟಿಕೆ. ಓದೋಕೆ ಮುಂಚೆ ಕಣ್ಣಿಗೂ ಕೈಗೂ ಹೊಂದಾಣಿಕೆ ಬರಬೇಕು. ಗುಡಿಸುವಾಗ ಕೈ ಎಡದಿಂದ ಬಲಕ್ಕೆ ಹೋಗುತ್ತೆ. ಓದುವಾಗ ಕಣ್ಣೂ ಎಡದಿಂದ ಬಲಕ್ಕೇ ಹೋಗೋದು. ಅರ್ಥ ಆಯ್ತಾ?”

“ಹಂಸಗಳಿಗೆ ಬೇಡ್ವಾ ಹೊಂದಾಣಿಕೆ?”

“ಅವರಿಗೆ ಮನೆಯಲ್ಲೇ ಬಂದಿರುತ್ತೆ.”

“ಅವರ ಮನೆ ಗುಡಿಸೋದು ನಮ್ಮ ನಾದಿನಿ. ಅವರಿಗೆಲ್ಲಿಂದ ಬಂತು?”

ಹೆಡ್ ಮೇಡಂ ಬಟ್ಟಲು ಮತ್ತೆ ಎತ್ತಿಕೊಂಡರು. ಅದರಲ್ಲಿ ಟೀ ಇರಲಿಲ್ಲ.

“ಮಗಳನ್ನ ಓದೋಕೆ ಕಳಿಸಿದೀನಿ, ಮೇಡಂ. ಗುಡಿಸೋಕಲ್ಲ.”

“ಆತುರ ಪಟ್ಟರೆ ಮಗುಗೆ ಪುಸ್ತಕ ಅಂದ್ರೇನೇ ಭಯ ಆಗುತ್ತೆ. ಕಾಯಬೇಕು. ಮತ್ತೆ ಒಂದು ಮಾತು. ನಿನ್ನ ಮಗಳು ಗುಡಿಸೋದರಲ್ಲಿ ಎಷ್ಟು ಚುರುಕು ಗೊತ್ತಾ? ನೋಡೋಕೇ ಖುಷಿ.” ಇದನ್ನು ಅವರು ಹೊಗಳಿಕೆ ಎಂದೇ ಹೇಳಿದರು. ಅದೇ ಅದರ ಕೆಟ್ಟತನ.

ಬಾಯಿಗೆ ಹೆಸರಾದ ಜೋರಮ್ಮನಿಗೆ ತಕ್ಕ ಮಾತು ಸಿಗಲಿಲ್ಲ. ಪೊರಕೆಯನ್ನು ಮೇಡಂ ಮೇಜಿಗೆ ಒರಗಿಸಿ ಹೊರಗೆ ಬಂದಳು.

ಅವತ್ತು ಸಂಜೆ ಚರ್ಚೆ ಜೋರಮ್ಮನ ಹೊಸ್ತಿಲ ಮೇಲೆ ನಡೆಯಿತು. ಚೀಲದಕ್ಕ ತನ್ನ ಚೀಲವನ್ನೇ ದಿಂಬು ಮಾಡಿ ಒರಗಿದ್ದಳು. ನಾದಿನಿ ಬೆಳಗ್ಗೆ ಬೀದಿ ಗುಡಿಸುವ ತಂಡದವಳು, ಆಮೇಲೆ ಮನೆಗೆಲಸದವಳು. ಕಾಲು ಚಾಚಿ ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು.

“ಬಿಡಿಸಿಬಿಡು ಶಾಲೆ,” ಎಂದ ಗಂಡ. “ಗುಡಿಸೋದನ್ನ ಕಲಿಯೋಕೆ ಅಷ್ಟು ದೂರ ಯಾಕೆ ಹೋಗಬೇಕು? ಮನೆಯಲ್ಲೇ ದೊಡ್ಡ ಮೇಷ್ಟ್ರು ಇದ್ದೀಯ.”

“ನಿನ್ನ ತಮಾಷೆ ಮಡಚಿ ಇಟ್ಕೋ.”

“ನನ್ನ ಮಗನೂ ಒರೆಸ್ತಿದ್ನಾ?” ಚೀಲದಕ್ಕ ಕೇಳಿದಳು.

“ಮೇಜು.”

“ಮನೆಯಲ್ಲಿ ತಾನು ಉಂಡ ತಟ್ಟೆ ಎತ್ತಲ್ಲ ಕಳ್ಳ!” ಎಂದು ನಕ್ಕಳು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಆಮೇಲೆ ತುಂಬ ಹೊತ್ತು ಚೀಲದ ಹೊಲಿಗೆ ಕೀಳುತ್ತ ಕೂತಳು.

ಮೆಣಸು ಅಪ್ಪನ ತೊಡೆಯ ಮೇಲಿಂದ ಕೇಳಿದಳು. “ಅಮ್ಮ, ಗುಡಿಸಿದ್ರೆ ಓದೋಕೆ ಬರುತ್ತೆ ಅಂತಾರೆ. ನೀನು ಎಷ್ಟೊಂದು ಗುಡಿಸಿದೀಯಲ್ಲ. ನಿನಗ್ಯಾಕೆ ಬರಲ್ಲ?”

ಜೋರಮ್ಮ ಮಗಳನ್ನೇ ನೋಡಿದಳು. ಬೆಳಗಿನಿಂದ ಹುಡುಕುತ್ತಿದ್ದ ಮಾತು ಸಿಕ್ಕಿತು.

ಮರುದಿನ ಅವಳು ಬೆಲ್‌ಗೆ ಮುಂಚೆ ಹೋಗಲಿಲ್ಲ. ಮುಖ ತೊಳೆದು, ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆ ಬಟ್ಟೆ ಉಟ್ಟು, ಮಗಳ ಕೈ ಹಿಡಿದು ಬೆಲ್ ಹೊಡೆದ ಮೇಲೆ ಹೋದಳು. ನೇರ ಒಂದನೇ ತರಗತಿಗೆ. ಗುಬ್ಬಿ ಸಾಲಿನ ಬೆಂಚಿನಲ್ಲಿ ಮಗಳ ಪಕ್ಕ ಕೂತಳು. ಬೆಂಚು ಮಕ್ಕಳದ್ದು. ಮೊಣಕಾಲು ಗಲ್ಲಕ್ಕೆ ತಾಗಿತು. ಬೆಂಚು ಕಿರ್ರೆಂದಿತು. ಗುಬ್ಬಿಗಳು ಕಿಸಕ್ಕೆಂದವು.

ಸುದ್ದಿ ಹೋಗಿ ಹೆಡ್ ಮೇಡಂ ಬಂದರು. “ಏಯ್, ಏನಿದು?”

“ಸಿದ್ಧ ಆಗಿದೀನಿ, ಮೇಡಂ.”

“ಯಾವುದಕ್ಕೆ?”

“ಓದೋಕೆ. ಗುಡಿಸಿದ್ರೆ ಸಿದ್ಧ ಆಗ್ತಾರೆ ಅಂದ್ರಲ್ಲ. ನಾನು ಹುಟ್ಟಿದಾಗಿನಿಂದ ಗುಡಿಸಿದೀನಿ. ಎಡದಿಂದ ಬಲಕ್ಕೂ ಗುಡಿಸಿದೀನಿ, ಬಲದಿಂದ ಎಡಕ್ಕೂ ಗುಡಿಸಿದೀನಿ. ನನ್ನಷ್ಟು ಸಿದ್ಧ ಆಗಿರೋರು ಈ ಊರಲ್ಲಿಲ್ಲ. ಕಲಿಸಿ.”

ಗಿಳಿ ಸಾಲಿನಲ್ಲಿ ಯಾರೋ ನಕ್ಕರು. ಹೆಡ್ ಮೇಡಂ ಕಿವಿ ಕೆಂಪಾಯಿತು. “ಕಕ್ಕಸು ಯಾರು ತೊಳೀತಾರೆ?”

“ಸಿದ್ಧ ಆಗದೆ ಇರೋರು ತೊಳೀಲಿ. ಅವರಿಗೂ ಹೊಂದಾಣಿಕೆ ಬರಲಿ.”

“ನಾಳೆಯಿಂದ ಕೆಲಸಕ್ಕೆ ಬರಬೇಡ!”

“ಕೆಲಸಕ್ಕೆ ಬರಲ್ಲ, ಮೇಡಂ. ಓದೋಕೆ ಬರ್ತೀನಿ.”

ವಾಚ್‌ಮನ್‌ಗೆ ಅವಳನ್ನು ಎಬ್ಬಿಸಲು ಹೇಳಿದರು. ಅವನು ಬಾಗಿಲವರೆಗೆ ಬಂದ. ಜೋರಮ್ಮ ಕತ್ತು ತಿರುಗಿಸಿ ನೋಡಿದಳು. ಅವನಿಗೆ ಗೇಟಿನ ಹತ್ತಿರ ಏನೋ ಕೆಲಸ ನೆನಪಾಯಿತು. ಕೂತು ಕೂತು ಬೇಜಾರಾಗಿ ತಾನೇ ಹೋಗುತ್ತಾಳೆ ಎಂದು ಹೆಡ್ ಮೇಡಂ ತೀರ್ಮಾನಿಸಿದರು.

ಟೀಚರ್ ಹಂಸಗಳಿಗೆ ಪಾಠ ಹೇಳಿದಳು. ಗಿಳಿಗಳಿಗೆ ಹೇಳಿದಳು. ಬೆನ್ನಿನ ಮೇಲೆ ಜೋರಮ್ಮನ ಕಣ್ಣು ಇತ್ತು. ಕೊನೆಗೆ ಹಿಂದಿನ ಸಾಲಿಗೆ ಬಂದು ಮಣಿಯ ಡಬ್ಬಿ ಇಟ್ಟಳು. ಜೋರಮ್ಮ ಗಳಿಗೆಯಲ್ಲಿ ಪೋಣಿಸಿದಳು. “ಆಯ್ತು. ಮುಂದೆ?” ಕಾಗದ ಕೊಟ್ಟಳು. ಜೋರಮ್ಮ ಪರ್ರನೆ ಹರಿದಳು. “ಆಯ್ತು. ಮುಂದೆ?”

ಟೀಚರ್ ಬಾಗಿಲ ಕಡೆ ನೋಡಿದಳು. “ಅಕ್ಕ, ನನಗೆ ಹೇಳಿರೋದೇ ಇಷ್ಟು,” ಎಂದು ಸಣ್ಣ ದನಿಯಲ್ಲಿ ಹೇಳಿದಳು.

“ನಿನಗೆ ಅಕ್ಷರ ಬರುತ್ತಲ್ಲಮ್ಮ?”

“ಬರುತ್ತೆ.”

“ಅಷ್ಟು ಸಾಕು ನಮಗೆ.”

ಟೀಚರ್ ಬೆರಳಲ್ಲಿ ಸೀಮೆಸುಣ್ಣ ಉರುಳಿಸಿದಳು. ಆಮೇಲೆ ಹಿಂದಿನ ಗೋಡೆಯ ಮೇಲೆಯೇ, ಗುಬ್ಬಿಗಳ ಎತ್ತರಕ್ಕೆ ಬಗ್ಗಿ, ‘ರ’ ಬರೆದಳು. “ಇದು ರ.”

“ರ!” ಗುಬ್ಬಿ ಸಾಲು ಕೂಗಿತು. ಇಷ್ಟು ದಿನದ ಬಾಕಿ ಎಲ್ಲ ಸೇರಿಸಿ ಕೂಗಿತು. ಹಂಸಗಳು ಬೆಚ್ಚಿ ತಿರುಗಿದವು.

ಟೀಚರ್ ಜೋರಮ್ಮನಿಗೂ ಸೀಮೆಸುಣ್ಣ ಕೊಟ್ಟಳು. ಅವಳ ಬೆರಳುಗಳಿಗೆ ಬ್ರಷ್ಷಿನ ಹಿಡಿ ಗೊತ್ತು. ಹಿಡಿದ ಕೂಡಲೇ ಸೀಮೆಸುಣ್ಣ ಪಟ್ಟೆಂದು ಮುರಿಯಿತು. ಇನ್ನೊಂದು. ಅದೂ ಮುರಿಯಿತು. “ಕತ್ತು ಹಿಸುಕಬೇಡ ಅಮ್ಮ, ಸುಮ್ನೆ ಹಿಡಿ,” ಎಂದಳು ಮೆಣಸು. ಅವಳ ‘ರ’ ದುಂಡಗೆ ಬಂದಿತ್ತು. ತಾಯಿಯದು ಬಚ್ಚಲಿನ ಮೋರಿಯಂತೆ ಎತ್ತಲೋ ಹರಿದಿತ್ತು. ಮಗಳು ನಕ್ಕಿದ್ದೇ ನಕ್ಕಿದ್ದು. ತಾಯಿಗೆ ಅವಮಾನವಾಗಲಿಲ್ಲ. ತನಗೆ ಬಾರದ್ದು ಮಗಳಿಗೆ ಬಂತಲ್ಲ ಎಂದು ಎದೆ ತುಂಬಿತು. ಅದನ್ನು ತೋರಿಸಿಕೊಳ್ಳದೆ “ಭಾರಿ ಪಂಡಿತೆ!” ಎಂದು ಕಿವಿ ಹಿಂಡಿದಳು.

ಕಕ್ಕಸು ತನ್ನ ಪಾಡಿಗೆ ತಾನು ತುಂಬುತ್ತಿತ್ತು. ಹೆಡ್ ಮೇಡಂ ಬೀದಿ ಗುಡಿಸುವ ತಂಡಕ್ಕೆ ಹೇಳಿಕಳಿಸಿದರು. ತಂಡದಿಂದ ನಾದಿನಿ ಬಂದಳು. ಬಕೆಟ್ಟು ಹಿಡಿದು ಓಣಿಯಿಂದ ಇಣುಕಿದಳು.

“ಏನ್ ಮಾಡ್ತಿದ್ದೀಯ ಅತ್ತಿಗೆ?”

“ಓದ್ತಿದೀನಿ.”

“ಸುಲಭಾನಾ?”

“ಕಕ್ಕಸು ತೊಳೆಯೋದಕ್ಕಿಂತ ಕಷ್ಟ. ಆದ್ರೆ ವಾಸನೆ ಇಲ್ಲ.”

ನಾದಿನಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಅವಳ ಹಿಂದೆಯೇ ಮಗನನ್ನು ನೋಡುವ ನೆಪದಲ್ಲಿ ಚೀಲದಕ್ಕ ಬಂದಳು. ಹೆಡ್ ಮೇಡಂ ಊರೆಲ್ಲ ವಿಚಾರಿಸಿದರು. ಆ ಕೆಲಸ ಬಲ್ಲವರೆಲ್ಲ ಒಂದೇ ಗಲ್ಲಿಯವರು. ಬೇರೆ ಗಲ್ಲಿಯವರು ಆ ಕೆಲಸವನ್ನು ಮುಟ್ಟುವವರಲ್ಲ. ಹಿಂದಿನವರು ಎಷ್ಟೋ ಕಾಲದಿಂದ ಜೋಪಾನವಾಗಿ ಮಾಡಿಟ್ಟ ಏರ್ಪಾಡು ಈಗ ಹೆಡ್ ಮೇಡಂಗೇ ತಿರುಗಿಬಿದ್ದಿತ್ತು.

ಇಷ್ಟರಲ್ಲಿ ಮೇಲಿನ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ತಿಳಿಯಿತು. ಹೆಡ್ ಮೇಡಂ ಕಕ್ಕಸಿಗೆ ಬೀಗ ಹಾಕಿಸಿದರು. ‘ದುರಸ್ತಿಯಲ್ಲಿದೆ’ ಎಂದು ಹಲಗೆ ತೂಗುಹಾಕಿಸಿದರು. ಆಮೇಲೆ ಗುಬ್ಬಿ ಸಾಲಿಗೆ ಬಂದು, ಎಂದೂ ಇಲ್ಲದೆ, ಮೆಣಸಿನ ಪಕ್ಕ ಕೂತರು. ಪುಸ್ತಕದ ಒಂದು ಪುಟ ತೆರೆದು ನಾಲ್ಕು ಸಾಲು ಬಾಯಿಪಾಠ ಮಾಡಿಸಿದರು. “ಬೆರಳು ಹೀಗೆ ಓಡಿಸು, ಬಾಯಲ್ಲಿ ಹಾಗೆ ಹೇಳು. ಅಷ್ಟೇ ಚಿನ್ನ.” ಮೆಣಸು ಒಂದೇ ಸಲಕ್ಕೆ ಒಪ್ಪಿಸಿದಳು. ಮೇಡಂ ಅವಳ ಕೆನ್ನೆ ಸವರಿದರು. ಜೋರಮ್ಮ ನೋಡಿದಳು. ಮೇಡಂ ಕೈ ಮಗಳನ್ನು ಮುಟ್ಟಿದ್ದು ಅದೇ ಮೊದಲು ಎಂಬುದು ಮಾತ್ರ ಅವಳ ಮನಸ್ಸಿನಲ್ಲಿ ನಿಂತಿತು.

ಸಾಹೇಬರು ದಪ್ಪಗಿದ್ದರು. ಬಿಸಿಲಿಗೆ ಬೆವರಿ ಬಂದವರು ಎಲ್ಲ ತರಗತಿಗಳಲ್ಲೂ ಕೊಟ್ಟ ಟೀ, ಷರಬತ್ತು ಕುಡಿಯುತ್ತ ಒಂದನೇ ತರಗತಿಗೆ ಬಂದರು. ಹಿಂದಿನ ಸಾಲಿನಲ್ಲಿ ಮೊಣಕಾಲು ಗಲ್ಲಕ್ಕಿಟ್ಟು ಕೂತ ಹೆಂಗಸರನ್ನು ನೋಡಿ ಹುಬ್ಬೇರಿಸಿದರು.

“ಇದು ನಮ್ಮ ಹೊಸ ಪದ್ಧತಿ ಸಾರ್,” ಎಂದರು ಹೆಡ್ ಮೇಡಂ, ಉಸಿರೂ ಬದಲಿಸದೆ. “ಪೋಷಕರ ಪಾಲ್ಗೊಳ್ಳುವಿಕೆ. ತಾಯಿಯೂ ಮಗುವೂ ಒಟ್ಟಿಗೆ ಕಲೀತಾರೆ.”

“ಭೇಷ್! ಹಿಂದಿನ ಸಾಲಿನ ಯಾರಾದ್ರೂ ಓದಲಿ.”

ಹೆಡ್ ಮೇಡಂ ಮೆಣಸನ್ನು ಎಬ್ಬಿಸಿ ಅದೇ ಪುಟ ತೆರೆದು ಕೊಟ್ಟರು. ಮೆಣಸು ಬೆರಳನ್ನು ಮೊದಲ ಸಾಲಿನ ಮೇಲಿಟ್ಟಳು. ಬಾಯಿ ತೆರೆದಳು. ಮುಚ್ಚಿದಳು. ಪುಟವನ್ನೇ ನೋಡಿದಳು. ಅದರಲ್ಲಿ ಅವಳಿಗೆ ಗುರುತಿದ್ದದ್ದು ‘ರ’, ಇನ್ನೊಂದೆರಡು. ಉಳಿದದ್ದೆಲ್ಲ ಇರುವೆ ಸಾಲು.

“ಓದು ಚಿನ್ನ,” ಎಂದರು ಮೇಡಂ.

“ಬರಲ್ಲ.”

“ನಿನ್ನೆ ಓದಿದ್ಯಲ್ಲ!”

“ಅದು ಬಾಯಿಪಾಠ. ಓದೋಕೆ ಬರಲ್ಲ.”

ಸಾಹೇಬರು ಬಗ್ಗಿದರು. “ಯಾಕಮ್ಮ ಬರಲ್ಲ?”

“ಕಲಿಸಿಲ್ಲ.”

ಸಾಹೇಬರು ಹಾಜರಿ ಪುಸ್ತಕ ನೋಡಿದರು. “ಕಳೆದ ವರ್ಷವೂ ಇದೇ ಕ್ಲಾಸಲ್ಲಿದ್ಯಂತೆ. ಏನು ಮಾಡ್ತಿದ್ದೆ?”

“ಗುಡಿಸ್ತಿದ್ದೆ.”

ಟೀಚರ್ ನೆಲ ನೋಡಿದಳು. ಹೆಡ್ ಮೇಡಂ ಗಡಬಡಿಸಿ ಬಟ್ಟೆ ಅಂಗಡಿಯವರ ಮಗನನ್ನು ಎಬ್ಬಿಸಿದರು. ಅವನು ತನ್ನ ಪುಟ ಗಿಳಿಯಂತೆ ಒಪ್ಪಿಸಿದ, ಹಂಸವಾಗಿದ್ದರೂ. ಸಾಹೇಬರಿಗೆ ಏನನ್ನಿಸಿತೋ, ಪುಟ ಮಗುಚಿದರು. “ಇದನ್ನ ಓದು.” ಹುಡುಗ ಚಿತ್ರ ನೋಡಿದ. ಮೇಡಂ ಮುಖ ನೋಡಿದ. ಮೆಣಸಿನ ಕಡೆ ನೋಡಿದ. ಅವಳು ‘ಬರಲ್ಲ’ ಎಂದಾಗ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಅವನಿಗೂ ಧೈರ್ಯ ಬಂತು.

“ನನಗೂ ಬರಲ್ಲ ಸಾರ್. ಈ ಪುಟ ಹೇಳಿಕೊಟ್ಟಿಲ್ಲ.”

ಸಾಹೇಬರು ಏನೋ ಹೇಳಬೇಕೆಂದು ಬಾಯಿ ತೆರೆದರು. ಆದರೆ ಅಷ್ಟೂ ಷರಬತ್ತು ತನ್ನ ಕೆಲಸ ಶುರುಮಾಡಿತ್ತು. “ಟಾಯ್ಲೆಟ್ ಎಲ್ಲಿದೆ?” ಎಂದು ಕೇಳಿದರು.

“ರಿಪೇರಿ ನಡೀತಿದೆ ಸಾರ್.”

“ರಿಪೇರಿ ಅಲ್ಲ ಸಾರ್,” ಜೋರಮ್ಮ ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು. ನಾದಿನಿಯ ಭುಜ ಹಿಡಿದುಕೊಂಡಳು. “ಮುಷ್ಕರ. ಪಾಲ್ಗೊಳ್ಳುವಿಕೆ ಗೀಲ್ಗೊಳ್ಳುವಿಕೆ ಏನಿಲ್ಲ. ನಾನು ಈ ಶಾಲೆ ಕಕ್ಕಸು ತೊಳೆಯೋಳು. ನಮ್ಮ ಮಕ್ಕಳ ಕೈಗೆ ಪೊರಕೆ ಕೊಟ್ಟು ಅದನ್ನೇ ಓದು ಅಂದ್ರು. ಪೊರಕೆ ಹಿಡಿಯೋದನ್ನ ನಾವು ಶಾಲೆಗೆ ಬರದೇನೇ ಕಲಿತಿದೀವಿ. ಇವರಿಗೆ ಓದು ಕಲಿಸೋವರೆಗೆ ನಾನು ತೊಳೆಯಲ್ಲ. ಬೇರೆ ಯಾರೂ ತೊಳೆಯಲ್ಲ.”

ಸಾಹೇಬರು ಅವಳ ಮಾತನ್ನು ಪೂರ್ತಿ ಕೇಳಿದರು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ನ್ಯಾಯಕ್ಕೆ ಅಷ್ಟು ಬೇಗ ಒಪ್ಪಿದ ಅಧಿಕಾರಿಯನ್ನು ಆ ಗಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ. “ಇವರು ಕೇಳಿದ್ದನ್ನ ಮಾಡಿ,” ಎಂದು ಮೇಡಂಗೆ ಹೇಳಿ ಲಗುಬಗೆಯಿಂದ ಕಾರಿನ ಕಡೆ ನಡೆದರು.

ಹೆಡ್ ಮೇಡಂ ಮೊದಲು ಕಂಡುಕೊಂಡ ದಾರಿ ಇದು: ಇನ್ನು ಮೇಲೆ ಎಲ್ಲ ಮಕ್ಕಳೂ ಸರದಿಯಲ್ಲಿ ಗುಡಿಸಲಿ. ಜೋರಮ್ಮ ಬೇಡ ಎನ್ನಲಿಲ್ಲ. ಮರುದಿನ ಬೆಲ್ ಹೊಡೆಯುವ ಮುಂಚೆಯೇ ಗೇಟಿನ ಮುಂದೆ ಕಾರು, ಸ್ಕೂಟರು. ಬಟ್ಟೆ ಅಂಗಡಿಯವರು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. “ಮಕ್ಕಳನ್ನ ಓದೋಕೆ ಕಳಿಸ್ತೀವಿ, ಗುಡಿಸೋಕಲ್ಲ!” ಅವರಿಗೆ ಯಾರೂ ಕಾಯಲು ಹೇಳಲಿಲ್ಲ. ಮೊಗ್ಗಿನ ಕೈ ತೋರಿಸಲಿಲ್ಲ. ಕುರ್ಚಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಯಾವ ಮಗುವೂ ಪೊರಕೆ ಮುಟ್ಟಕೂಡದು ಎಂದು ತೀರ್ಮಾನವಾಯಿತು. ಅದೇ ಮಾತು. ಬಾಯಿ ಬೇರೆ. ಜೋರಮ್ಮ ಗೇಟಿಗೆ ಒರಗಿ ಎಲ್ಲ ಕೇಳಿದಳು. ಗೆದ್ದಿದ್ದಳು. ಬಾಯಲ್ಲಿ ಕಹಿ ಇತ್ತು. ಉಗಿದು ಒಳಗೆ ಹೋಗಿ ಬಕೆಟ್ಟು ಎತ್ತಿಕೊಂಡಳು.

ಸಾಲುಗಳನ್ನು ಕಲೆಸಿದರು. ಹಂಸ, ಗಿಳಿ, ಗುಬ್ಬಿ ಎಂಬ ಚೀಟಿಗಳನ್ನು ಗೋಡೆಯಿಂದ ಕಿತ್ತರು. ಟೀಚರ್ ಯಾವ ಪದ್ಧತಿಯ ಹೆಸರನ್ನೂ ಹೇಳದೆ ಎಲ್ಲರಿಗೂ ಮೊದಲಿಂದ ಶುರುಮಾಡಿದಳು. ಒಂದಿಷ್ಟು ತೀಡಿಸಿದಳು, ಒಂದಿಷ್ಟು ಹಾಡಿಸಿದಳು, ಅಕ್ಷರ ಕೂಡಿಸಿ ಕೂಡಿಸಿ ಓದಿಸಿದಳು. ಜೋರಮ್ಮ ಬೆಳಗಿನ ಕೆಲಸ ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಒಂದಿಷ್ಟು ಹೊತ್ತು ಕೂರುತ್ತಿದ್ದಳು. ಗುಣಿತಾಕ್ಷರ ಬಂದಾಗ ತಲೆ ತಿರುಗಿ ಅವಳು ಹಿಂದೆ ಬಿದ್ದಳು. ಮೆಣಸು ಹಿಂದೆ ತಿರುಗಿ ನೋಡದೆ ಓಡಿದಳು. ಅಂಗಡಿ ಬೋರ್ಡು, ಬೆಂಕಿಪೊಟ್ಟಣ, ಫಿನಾಯಿಲ್ ಬಾಟಲಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿ ಮನೆಯವರ ಪ್ರಾಣ ತಿಂದಳು. “ವಿಷ ಅಂತ ಬರೆದಿದೆ ಅಮ್ಮ ಇದರ ಮೇಲೆ. ಕೈಗವಸು ಹಾಕ್ಕೊಂಡು ಮುಟ್ಟಬೇಕಂತೆ!” ಎಂದು ಒಂದು ದಿನ ಕಿರುಚಿದಳು. ಜೋರಮ್ಮ ತನ್ನ ಕೈ ನೋಡಿಕೊಂಡಳು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವಳು ಹುಡುಗರ ಕಕ್ಕಸು ತೊಳೆಯುತ್ತಿದ್ದಳು. ಮೆಣಸು ಓಣಿಯಲ್ಲಿ ಕಾಯುತ್ತಿದ್ದಳು. ಬಿಸಿಲು ಇನ್ನೂ ಇತ್ತು. ಗೋಡೆಯ ಮೇಲೆ ಇದ್ದಿಲಿನಲ್ಲಿ ಏನೋ ಗೀಚಿತ್ತು. ಅಂಥವನ್ನು ಜೋರಮ್ಮ ಲೆಕ್ಕವಿಲ್ಲದಷ್ಟು ಉಜ್ಜಿದ್ದಳು. ಅವಳಿಗೆ ಅದು ಕೊಳೆ. ಬ್ರಷ್ಷು ಎತ್ತಿದಳು.

“ತಡಿ ಅಮ್ಮ, ಓದ್ತೀನಿ,” ಎಂದು ಮೆಣಸು ಒಳಗೆ ಬಂದಳು. ಬೆರಳಿಟ್ಟಳು. “ಗು... ಬ್ಬಿ. ಗುಬ್ಬಿ! ಗ... ಬು. ಗುಬ್ಬಿ ಗಬು. ಗಬು ಅಂದ್ರೇನಮ್ಮ?”

ಜೋರಮ್ಮನ ಕೈ ನಿಂತಿತು. ಚೀಟಿ ಕಿತ್ತಿದ್ದರು. ಹೆಸರು ಕಿತ್ತಿರಲಿಲ್ಲ. ಇಷ್ಟು ವರ್ಷ ಬಗ್ಗಿ ಬಗ್ಗಿ ಉಜ್ಜಿದ್ದರಲ್ಲಿ ತನ್ನ ಬಗ್ಗೆ, ಗಂಡನ ಬಗ್ಗೆ, ಗಲ್ಲಿಯ ಬಗ್ಗೆ ಏನೇನಿತ್ತೋ. ತನಗಾದ ಬೈಗುಳವನ್ನು ತಾನೇ ತೊಳೆದು, ಮರುದಿನದ ಬೈಗುಳಕ್ಕೆ ಗೋಡೆ ಶುಚಿ ಮಾಡಿಕೊಟ್ಟಿದ್ದಳು.

“ಗಬು ಅಲ್ಲ. ಗಬ್ಬು ಅಂತ ಇರಬೇಕು,” ಎಂದಳು. ದನಿ ಸಣ್ಣಗಿತ್ತು.

ಮೆಣಸು ಗೋಡೆ ನೋಡಿದಳು. ತಾಯಿಯ ಮುಖ ನೋಡಿದಳು. ಅರ್ಥವಾಯಿತು. ತುಟಿ ಬಿಗಿದಳು. ಅಳುತ್ತಾಳೆ ಎಂದುಕೊಂಡಳು ಜೋರಮ್ಮ. ಅಳಲಿಲ್ಲ.

“ಹಾಗಾದ್ರೆ ಒತ್ತು ಬಿಟ್ಟಿದಾನೆ,” ಎಂದಳು. “ಇವನು ಇನ್ನೂ ಸಿದ್ಧ ಆಗಿಲ್ಲ.”

ಜೋರಮ್ಮ ನಕ್ಕುಬಿಟ್ಟಳು. ನಗುವಾಗ ಕಣ್ಣು ಒದ್ದೆಯಾಯಿತು. “ಒತ್ತು ಎಲ್ಲಿ ಬರಬೇಕು?”

“ಇಲ್ಲಿ. ಬು ಕೆಳಗೆ. ಪುಟ್ಟದು.”

ಮೂಲೆಯಲ್ಲಿ ಇದ್ದಿಲಿನ ತುಂಡು ಬಿದ್ದಿತ್ತು. ಜೋರಮ್ಮ ಎತ್ತಿಕೊಂಡಳು. ಹಗುರವಾಗಿ ಹಿಡಿದಳು. ಮುರಿಯಲಿಲ್ಲ. ಮಗಳು ತೋರಿಸಿದ ಕಡೆ, ಉಸಿರು ಬಿಗಿಹಿಡಿದು, ಒತ್ತು ಬರೆದಳು. ಆಮೇಲೆ ಬ್ರಷ್ಷನ್ನು ಬಕೆಟ್ಟಿನಲ್ಲಿ ಹಾಕಿ ಹೋಗಿ ಹೆಡ್ ಮೇಡಂ ಅವರನ್ನು ಕರೆತಂದಳು. ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಆ ಕಕ್ಕಸಿನ ಒಳಗೆ ಅವರು ಕಾಲಿಟ್ಟವರಲ್ಲ.

“ಏನು ಇದಕ್ಕೆಲ್ಲ ಕರೀತೀಯ? ಒರೆಸಿಬಿಡು.”

“ಒರೆಸೋಣ. ಮೊದಲು ಓದಿ.”

“ಓದಿದೆ.”

“ಮನಸ್ಸಲ್ಲಿ ಅಲ್ಲ, ಮೇಡಂ. ಗಟ್ಟಿಯಾಗಿ ಓದಿ. ಬರೆದೋರಿಗೆ ಅಕ್ಷರ ಕಲಿಸಿದ್ದು ನೀವು.”

ಹೆಡ್ ಮೇಡಂ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಜೋರಮ್ಮ ಇದ್ದಳು. ಅವಳು ಸರಿಯಲಿಲ್ಲ. ಕರವಸ್ತ್ರ ಮೂಗಿನಿಂದ ಇಳಿಯಿತು. ತುಟಿ ಅಲ್ಲಾಡಿತು. ದನಿ ಬರಲಿಲ್ಲ.

ಮೆಣಸಿಗೆ ಪಾಪ ಅನ್ನಿಸಿತು. ಓದಲು ಬಾರದೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಮೇಡಂ ಪಕ್ಕ ಹೋಗಿ ನಿಂತು, ಗೋಡೆಯ ಮೇಲೆ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು.

“ಬಿಡಿಸಿ ಬಿಡಿಸಿ ಓದಿ ಮೇಡಂ, ಬರುತ್ತೆ,” ಎಂದಳು. “ಗು...”